ಹಳದಿ ಬಾವುಟದ ಹಿಂದೆ ಎಂಟು ದಿನ

ಚೀನಾದಲ್ಲಿ ರಜೆ ಪುಕ್ಕಟೆ ಸಿಗುವುದಿಲ್ಲ. ಅಕ್ಟೋಬರ್ ಮೊದಲ ವಾರ ದೇಶಕ್ಕೆ ದೇಶವೇ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ, ನಿಜ. ಆದರೆ ಅದರ ಹಿಂದಿನದೋ ಮುಂದಿನದೋ ಶನಿವಾರ, ಭಾನುವಾರ ದುಡಿದು ಆ ಸಾಲ ತೀರಿಸಬೇಕು. 2017ರಲ್ಲಿ ಸಾಲ ತೀರಿಸುವ ಶನಿವಾರ ಬಿದ್ದದ್ದು ಸೆಪ್ಟೆಂಬರ್ 30ಕ್ಕೆ. ಅಂದು ವಿಜಯದಶಮಿ.

ಆಗ ನಾನು ಜಿಯಾಂಗ್ಸು ಪ್ರಾಂತದ ಒಂದು ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತಿದ್ದೆ. ಇಂಗ್ಲಿಷಿನಲ್ಲಿ ನಡೆಯುವ ಎಂಬಿಬಿಎಸ್. ಕ್ಲಾಸಿನ ಮುಕ್ಕಾಲು ಪಾಲು ನಮ್ಮ ದೇಶದ ಹುಡುಗರೇ. ಅಂದು ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದಾಗ ವಿಜಯಪುರದ ಹುಡುಗನೊಬ್ಬ ಬಂದು ಕೈಯಲ್ಲಿ ಎಲೆಯೊಂದನ್ನು ಇಟ್ಟ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮೇಡಂ" ಅಂದ. ಅದು ಬನ್ನಿಯಲ್ಲ, ಹಾಸ್ಟೆಲ್ ಮುಂದಿನ ಗಿಂಕೊ ಮರದ ಎಲೆ. ಬೀಸಣಿಕೆಯಂಥ ಆಕಾರ, ಇನ್ನೂ ಹಸಿರು. ನಮ್ಮೂರು ಬಾದಾಮಿ ಬಿಟ್ಟು ಎರಡು ವರ್ಷವಾಗಿತ್ತು. ಗಂಟಲು ಕಟ್ಟಿತು. ಎಲೆಯನ್ನು ಪುಸ್ತಕದಲ್ಲಿಟ್ಟುಕೊಂಡು ಹೋಗಿ ಚೀಲ ತುಂಬಿಸಿದೆ. ಮರುದಿನ ಬೆಳಿಗ್ಗೆ ಟೂರು.

ಟೂರು ಏರ್ಪಡಿಸಿದ್ದು 'ವಾಯ್‌ಬಾನ್', ಅಂದರೆ ಕಾಲೇಜಿನಲ್ಲಿ ವಿದೇಶಿಯರ ಉಸಾಬರಿ ನೋಡಿಕೊಳ್ಳುವ ಕಚೇರಿ. ಅರ್ಧ ಖರ್ಚು ಕಾಲೇಜಿನದು, ಅರ್ಧ ನಮ್ಮದು. ಲುವೊಯಾಂಗ್, ಶಿಆನ್, ಬೀಜಿಂಗ್, ಎಂಟು ದಿನ. ನಾವು ಹತ್ತೊಂಬತ್ತು ಮೇಷ್ಟ್ರುಗಳು: ಭಾರತದವರು, ಪಾಕಿಸ್ತಾನದವರು, ನೇಪಾಳದವರು, ಈಜಿಪ್ಟಿನವರು, ಉಕ್ರೇನಿನ ದಂಪತಿ. ಎಲ್ಲರೂ ಪಾಠ ಹೇಳುವುದು ದೇಹದ ಒಳಗಿನ ಒಂದಲ್ಲ ಒಂದು ಭಾಗದ ಬಗ್ಗೆ. ಈ ಮಾತು ನೆನಪಿಟ್ಟುಕೊಳ್ಳಿ, ಬೀಜಿಂಗಿನಲ್ಲಿ ಬೇಕಾಗುತ್ತದೆ.

ಪಾಸ್‌ಪೋರ್ಟುಗಳನ್ನು ಕಚೇರಿಯ ಹುಡುಗಿ ಮೂರು ವಾರ ಮೊದಲೇ ಇಸಿದುಕೊಂಡಿದ್ದಳು. ಅಲ್ಲಿ ರೈಲಿನ ಟಿಕೆಟ್ಟು ಹೆಸರಿನ ಮೇಲೆ, ಪಾಸ್‌ಪೋರ್ಟ್ ನಂಬರಿನ ಮೇಲೆ. ಆಗ ಚೀನೀಯರು ತಮ್ಮ ಗುರುತಿನ ಚೀಟಿಯನ್ನು ಮೆಷಿನ್ನಿಗೆ ತೋರಿಸಿ ನಿಮಿಷದಲ್ಲಿ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಪಾಸ್‌ಪೋರ್ಟು ಆ ಮೆಷಿನ್ನಿಗೆ ತಿಳಿಯುತ್ತಿರಲಿಲ್ಲ, ಕೌಂಟರಿನ ಸಾಲಿನಲ್ಲೇ ನಿಲ್ಲಬೇಕಿತ್ತು. ನಮ್ಮೆಲ್ಲರ ಪರವಾಗಿ ಆ ಹುಡುಗಿ ಹತ್ತೊಂಬತ್ತು ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ನಿಂತಿದ್ದಳಂತೆ.

ನನ್ನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿಟ್ಟಿನ ಪ್ಯಾಕೆಟ್ಟು. ಚೀನಾದಲ್ಲಿ ಬಿಸಿನೀರಿಗೆ ಬರವಿಲ್ಲ. ರೈಲಿನ ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ. ಅದೊಂದು ನಲ್ಲಿ ಇರುವವರೆಗೆ ಉಪವಾಸ ಬೀಳುವುದಿಲ್ಲ ಎಂಬುದು ಅಲ್ಲಿ ಎರಡು ವರ್ಷ ಕಳೆದು ನಾನು ಕಲಿತ ಪಾಠ. "ವೋ ಛರ್ ಸೂ", ನಾನು ಸಸ್ಯಾಹಾರಿ, ಅಂತ ಎಷ್ಟು ಸಲ ಹೇಳಿದರೂ ಬೀನ್ಸ್ ಪಲ್ಯದ ಮೇಲೆ ಹಂದಿಯ ಕೈಮಾ ಉದುರಿಸಿಕೊಂಡು ಬರುತ್ತಾರೆ. ಕೇಳಿದರೆ, ಇದು ಮಾಂಸವಲ್ಲ, ರುಚಿಗೆ ಒಂಚೂರು ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ; ನಮ್ಮಲ್ಲಿ ಒಗ್ಗರಣೆಯ ಸಾಸಿವೆಯನ್ನು ಯಾರು ಲೆಕ್ಕ ಹಿಡಿಯುತ್ತಾರೆ?

ನನ್ನನ್ನು ಕಾಪಾಡಿದ್ದು ಪಾಕಿಸ್ತಾನದ ಡಾಕ್ಟರಮ್ಮ. ಮೊದಲ ದಿನದ ಊಟಕ್ಕೆ ಮುಸ್ಲಿಮರಿಗೆ ಬೇರೆ ಟೇಬಲ್ ಹಾಕಿದ್ದರು. ಗೋಡೆಯ ಮೇಲೆ 'ಚಿಂಗ್‌ಜೆನ್' ಎಂದು ಬರೆದಿರುವ ಕಡೆ ಹಂದಿಯ ಮಾಂಸವೂ ಇಲ್ಲ, ಅದರ ಕೊಬ್ಬೂ ಇಲ್ಲ. ಅವರು ಹಿಂದಿ-ಉರ್ದುವಿನಲ್ಲಿ, "ಆ ಟೇಬಲ್ಲಿನಲ್ಲಿ ನಿಮಗೆ ಎಣ್ಣೆಯೇ ಗ್ಯಾರಂಟಿ ಇಲ್ಲ, ಇಲ್ಲಿ ಬನ್ನಿ" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲಿಂದ ಎಂಟು ದಿನವೂ ನಮ್ಮದು ಒಂದೇ ಟೇಬಲ್. ಆಲೂಗಡ್ಡೆ, ಬದನೆ, ದಪ್ಪ ಮೆಣಸಿನಕಾಯಿ ಹುರಿದ ಪಲ್ಯ ನನಗೆ, ಕುರಿ ಅವರಿಗೆ. ನನ್ನ ಶೇಂಗಾ ಹಿಂಡಿ ಮೂರನೇ ದಿನಕ್ಕೇ ಖಾಲಿಯಾಯಿತು, ಅದರ ಅರ್ಧ ಪಾಪ ಅವರದು.

ಗೈಡ್ ಸಿಕ್ಕಿದ್ದು ಲುವೊಯಾಂಗಿನ ಸ್ಟೇಷನ್ನಿನಲ್ಲಿ. ಮೂವತ್ತರೊಳಗಿನ ಹುಡುಗಿ, ಬಾಯಿಗೆ ಮೈಕು, ಸೊಂಟಕ್ಕೆ ಸ್ಪೀಕರು, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ದೂರದಿಂದ ನೋಡಿದರೆ ಥೇಟ್ ನವೆಂಬರ್ ಒಂದನೇ ತಾರೀಖು. ಆ ಬಣ್ಣ ನೋಡಿ ಉಬ್ಬಿದವಳು ಇಡೀ ಗುಂಪಿನಲ್ಲಿ ನಾನೊಬ್ಬಳೇ.

ಲಾಂಗ್‌ಮೆನ್ ಗುಹೆಗಳ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಹೆಚ್ಚು ನೋಡಲಿಲ್ಲ. ಯಿ ನದಿಯ ದಂಡೆಯ ಬೆಟ್ಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗುಹೆ-ಗೂಡುಗಳಿವೆ. 675ರಲ್ಲಿ ಮುಗಿದ ದೊಡ್ಡ ಬುದ್ಧನ ಎತ್ತರವೇ 17 ಮೀಟರ್. ಮೆಟ್ಟಿಲ ಮೇಲೆ ಜನ ನಮ್ಮನ್ನು ಎತ್ತಿಕೊಂಡು ಹೋದ ಹಾಗೆ ಹೋದೆವು, ಇಳಿಸಿದ ಹಾಗೆ ಇಳಿದೆವು. ಬಾದಾಮಿಯವಳಾದ ನನಗೆ ಮನಸ್ಸಿನಲ್ಲಿ ಒಂದು ಸಣ್ಣ ಜಂಬ: ಮಂಗಳೇಶ ಕೊರೆಸಿದ ನಮ್ಮ ಮೂರನೇ ಗುಹೆ 578ರದು, ಈ ಬುದ್ಧನಿಗಿಂತ ಹತ್ತಿರ ಹತ್ತಿರ ನೂರು ವರ್ಷ ಹಿರಿಯದು. ಆದರೆ ನಮ್ಮ ಗುಹೆಯೊಳಗೆ ಇಂಥ ಬುದ್ಧನನ್ನು ನಿಲ್ಲಿಸಬೇಕೆಂದರೆ ಛಾವಣಿ ಒಡೆಯಬೇಕಾದೀತು. ಅದೇ ಊರಿನ ಬಿಳಿಕುದುರೆ ಬೌದ್ಧ ದೇವಾಲಯದ ಆವರಣದಲ್ಲಿ ನಮ್ಮ ಸಾಂಚಿಯನ್ನು ನೆನಪಿಸುವ ಭಾರತೀಯ ಶೈಲಿಯ ಗುಡಿಯೂ ಇದೆ. 2010ರಲ್ಲಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ್ದು. ಅದರ ಮುಂದೆ ಹದಿನೈದು ನಿಮಿಷ, ಒಂದು ಗ್ರೂಪ್ ಫೋಟೊ, ಬಸ್ಸು.

ನಾನು ಈ ಟೂರಿಗೆ ಹೆಸರು ಕೊಟ್ಟದ್ದೇ ಶಿಆನ್‌ಗಾಗಿ. ಸರಿಯಾಗಿ ಹೇಳಬೇಕೆಂದರೆ ಶಿಆನ್‌ನ ಒಂದು ಗೋಪುರಕ್ಕಾಗಿ.

ಹೈಸ್ಕೂಲಿನ ಇತಿಹಾಸದ ಪುಸ್ತಕದಲ್ಲಿ ಹ್ಯೂಯೆನ್‌ತ್ಸಾಂಗ್ ಎಂಬ ಹೆಸರು ಬಾಯಿಪಾಠ ಮಾಡದ ಕನ್ನಡದ ಮಕ್ಕಳಿಲ್ಲ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಹೊರಗಿನವನು ಆತ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನ, ಪುಲಕೇಶಿ ಹರ್ಷನ ಹರ್ಷ ಇಳಿಸಿದ ಎನ್ನುತ್ತದೆ. ಆಸ್ಥಾನ ಕವಿ ತನ್ನ ದೊರೆಯನ್ನು ಹೊಗಳಿದ್ದಾನೆ ಎಂದು ಅದನ್ನು ಬದಿಗಿಡಬಹುದಿತ್ತು. ಆದರೆ ಕೆಲವೇ ವರ್ಷಗಳ ಮೇಲೆ ಬಂದ ಈ ಸನ್ಯಾಸಿ ಹರ್ಷನ ಆತಿಥ್ಯ ಉಂಡವನು; ಆತನೂ ಅದನ್ನೇ ಬರೆದ. ಹರ್ಷ ಪೂರ್ವ ಪಶ್ಚಿಮಗಳನ್ನು ಗೆದ್ದರೂ ಈ ರಾಜ್ಯದವರು ಮಾತ್ರ ಬಗ್ಗಲಿಲ್ಲ ಅಂತ. ಇಲ್ಲಿಯ ಜನ ಉಪಕಾರ ಮರೆಯುವುದಿಲ್ಲ, ಅಪಕಾರ ಬಿಡುವುದಿಲ್ಲ, ಸೇಡು ತೀರಿಸಿಕೊಳ್ಳುವ ಮುಂಚೆ ಎದುರಾಳಿಗೆ ಹೇಳಿ ಕಳಿಸುತ್ತಾರೆ ಅಂತಲೂ ಬರೆದ. ಸೋತು ಬಂದ ಸೇನಾಪತಿಗೆ ಶಿಕ್ಷೆಯಿಲ್ಲ, ಹೆಣ್ಣಿನ ಉಡುಪು ಕೊಡುತ್ತಾರೆ ಅಂತಲೂ. ಈ ಕೊನೆಯದು ನನಗೆ ಸೇರದ ಮಾತು, ಆದರೂ ಬರೆದದ್ದು ಬರೆದದ್ದೇ. ಆತ 645ರಲ್ಲಿ ಊರಿಗೆ ಮರಳುವಾಗ ಹೊತ್ತು ತಂದ 657 ಗ್ರಂಥಗಳಿಗಾಗಿ ಕಟ್ಟಿದ್ದು ಶಿಆನ್‌ನ ದಾಯಾನ್ ತಾ, ದೊಡ್ಡ ಕಾಡುಬಾತಿನ ಗೋಪುರ.

ಬಸ್ಸಿನಲ್ಲಿ ಗೈಡ್ ಹುಡುಗಿಯನ್ನು ಹ್ಯೂಯೆನ್‌ತ್ಸಾಂಗ್ ಬಗ್ಗೆ ಕೇಳಿದೆ. ಅವಳಿಗೆ ಗೊತ್ತಾಗಲಿಲ್ಲ. ಉಚ್ಚಾರ ಬದಲಿಸಿ "ಶ್ವೆನ್‌ಜಾಂಗ್" ಅಂದೆ. ನನ್ನ ಬಾಯಲ್ಲಿ ಸ್ವರ ಏರಬೇಕಾದಲ್ಲಿ ಇಳಿದಿರಬೇಕು, ಅದೂ ದಾಟಲಿಲ್ಲ. ಕೊನೆಗೆ ನಮ್ಮ ಕಚೇರಿಯ ಹುಡುಗಿ ನಡುವೆ ಬಾಯಿ ಹಾಕಿ, "ಥಾಂಗ್ ಸೆಂಗ್!" ಅಂದಳು. ಮಂಗ, ಹಂದಿ ಶಿಷ್ಯರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗುವ ಕಥೆಯ ಗುರು. ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ಅವನೇ ಪರಿಚಯ. "ಓ, ಅವನ ಗೋಪುರವಾ? ನಾಳೆ ಮೂವತ್ತು ನಿಮಿಷ ಇದೆ, ಹೊರಗಿನಿಂದ ಫೋಟೊ" ಅಂದಳು ಗೈಡ್.

ಹೊರಗಿನಿಂದ ಫೋಟೊ! ಕಾರ್ಯಕ್ರಮದ ಪಟ್ಟಿಯಲ್ಲಿ ಅದಕ್ಕೂ ಮೊದಲಿನ ಸಾಲು ನೋಡಿದೆ: 'ಜೇಡ್ ಸಂಸ್ಕೃತಿ ಪರಿಚಯ, ತೊಂಬತ್ತು ನಿಮಿಷ'. ಜೇಡ್ ಅಂದರೆ ಬಳೆ, ಒಡವೆ ಮಾಡುವ ಹಸಿರು ಕಲ್ಲು.

ಈ ಟೂರುಗಳ ಒಳಗುಟ್ಟು ಬಲ್ಲವರಿಗೆ ಬಲ್ಲದ್ದೇ. ದರ ಕಮ್ಮಿ ಇಡುತ್ತಾರೆ, ಆ ಕಮ್ಮಿಯನ್ನು ಅಂಗಡಿಗಳ ಕಮಿಷನ್ನಿನಲ್ಲಿ ತುಂಬಿಕೊಳ್ಳುತ್ತಾರೆ. ಜನ ಸಾಕಷ್ಟು ಬೈದ ಮೇಲೆ ಸರ್ಕಾರವೇ ಕಾನೂನು ಮಾಡಿತು. 2013ರ ಅಕ್ಟೋಬರ್ 1ರಿಂದ ಪ್ರವಾಸಿಗರನ್ನು ಒತ್ತಾಯದಿಂದ ಅಂಗಡಿಗೆ ಒಯ್ಯುವಂತಿಲ್ಲ. ಹಾಗಾಗಿ ಈಗ ಅಂಗಡಿ ಎನ್ನುವುದಿಲ್ಲ, ಸಂಸ್ಕೃತಿ ಪರಿಚಯ ಎನ್ನುತ್ತಾರೆ. ಗೈಡ್ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಸಂಬಳವೆಲ್ಲ ಅದರಲ್ಲೇ ಇದೆ ಅಂತ ಕಾಣುತ್ತದೆ.

ಅಕ್ಟೋಬರ್ 3ಕ್ಕೆ ಮಣ್ಣಿನ ಸೈನಿಕರು, ಚೀನಾದ ಮೊದಲ ಚಕ್ರವರ್ತಿಯ ಗೋರಿಯ ಕಾವಲಿಗೆ ಮಾಡಿ ಹೂಳಿದ ಗೊಂಬೆಗಳು. 1974ರ ಮಾರ್ಚಿನಲ್ಲಿ ಲಿಂಟಾಂಗ್‌ನ ರೈತರು ಬಾವಿ ತೋಡುವಾಗ ಸಿಕ್ಕವರು. ಮೊದಲ ಗುಂಡಿ 230 ಮೀಟರ್ ಉದ್ದ; ವಿಮಾನದ ಶೆಡ್ಡಿನಂಥ ಛಾವಣಿಯ ಕೆಳಗೆ ಸಾಲು ಸಾಲು ನಿಂತಿದ್ದಾರೆ. ಎಲ್ಲರೂ ಮುಂದಿನ ಕಟಕಟೆಗೆ ಮುಗಿಬಿದ್ದಿದ್ದರು. ನಾನು, ಡಾಕ್ಟರಮ್ಮ ಹಿಂಬದಿಗೆ ಹೋದೆವು. ಅಲ್ಲಿ ಇನ್ನೂ ರಿಪೇರಿಯಾಗಬೇಕಾದವರಿದ್ದರು, ಕೆಲವರಿಗೆ ತಲೆಯಿಲ್ಲ, ಕೆಲವರ ಎದೆಗೆ ಪ್ಲಾಸ್ಟಿಕ್ ಸುತ್ತಿದೆ, ಕಾಲಿಗೆ ಚೀಟಿ ಕಟ್ಟಿದೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿ, "ಪೂರಾ ವಾರ್ಡ್ ಹೈ" ಅಂದರು. ಅಷ್ಟು ಚೆನ್ನಾಗಿ ಆ ಜಾಗವನ್ನು ಯಾವ ಗೈಡೂ ವರ್ಣಿಸಿರಲಾರಳು.

4ನೇ ತಾರೀಖು ಬೆಳಿಗ್ಗೆ ನಾನು ಗೈಡ್ ಹತ್ತಿರ ಹೋಗಿ ಹೇಳಿದೆ: ಜೇಡ್ ನನಗೆ ಬೇಡ, ಊಟವೂ ಬೇಡ, ನೀವು ಅಲ್ಲಿಗೆ ಹೋಗುವ ಹೊತ್ತಿಗೆ ನನ್ನನ್ನು ಗೋಪುರದ ಹತ್ತಿರ ಇಳಿಸಿ. ಅವಳ ಮುಖ ಸಣ್ಣದಾಯಿತು. ಗುಂಪು ಬಿಟ್ಟವರಿಗೆ ಏನಾದರೂ ಆದರೆ ಹೊಣೆ ಅವಳದು. ಕಚೇರಿಯ ಹುಡುಗಿಗೆ ಫೋನು, ಏಜೆನ್ಸಿಗೆ ಫೋನು, ಕಾಲೇಜಿಗೆ ಫೋನು. ಕೊನೆಗೆ ಒಂದು ಹಾಳೆ ಬಂತು. 'ನಾನು ಸ್ವಂತ ಇಚ್ಛೆಯಿಂದ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಗುಂಪು ಬಿಡುತ್ತಿದ್ದೇನೆ, ಈ ಅವಧಿಯಲ್ಲಿ ಆಗುವುದಕ್ಕೆಲ್ಲ ನಾನೇ ಹೊಣೆ.' ಚೀನೀ ಭಾಷೆಯಲ್ಲಿದ್ದದ್ದನ್ನು ಓದಿಸಿಕೊಂಡು ಸಹಿ ಹಾಕಿದೆ. ಸಹಿ ಕನ್ನಡದ್ದು. ಗೈಡ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಚಿತ್ರವಾ ಅಂತ ಕೇಳಿದಳು. ಕೆಳಗೆ ಪಾಸ್‌ಪೋರ್ಟಿನಲ್ಲಿರುವಂತೆ ಇಂಗ್ಲಿಷಿನಲ್ಲೂ ಬರೆಸಿಕೊಂಡು, ಮೊಬೈಲಿನಲ್ಲಿ ಫೋಟೊ ಹೊಡೆದು ಏಜೆನ್ಸಿಗೆ ಕಳಿಸಿದ ಮೇಲೆ ನನ್ನನ್ನು ಇಳಿಸಿದಳು.

ಜಿಟಿಜಿಟಿ ಮಳೆ. ಗೋಪುರದ ದಕ್ಷಿಣದ ಚೌಕದಲ್ಲಿ ಆತನ ಕಂಚಿನ ಪ್ರತಿಮೆ, ಕೈಯಲ್ಲಿ ದಂಡ. ಅದರ ಬುಡದಲ್ಲಿ ಮಕ್ಕಳು ಕೊಡೆ ಹಿಡಿದು ಓಡಾಡುತ್ತಿದ್ದವು. ಒಬ್ಬ ಪುಟ್ಟ ಹುಡುಗ ನನ್ನ ಹಣೆಯ ಬೊಟ್ಟು ನೋಡಿ ಅವನಮ್ಮನಿಗೆ "ಯಿಂದು ರನ್!" ಅಂತ ಕೂಗಿ ಹೇಳಿದ. ಭಾರತದವಳು. ಇಲ್ಲೊಂದು ಸ್ವಾರಸ್ಯವಿದೆ. ಭಾರತಕ್ಕೆ ಚೀನೀಯರು ಮೊದಲು ಶೆಂದು, ತಿಯಾನ್‌ಜು ಅಂತ ಏನೇನೋ ಹೆಸರಿಡುತ್ತಿದ್ದರು. ಇವೆಲ್ಲ ಸರಿಯಲ್ಲ, 'ಯಿಂದು' ಅನ್ನುವುದು ಸರಿ ಎಂದು ಬರೆದವನು ಇದೇ ಸನ್ಯಾಸಿ. ಅವನ ಕಾಲ ಬುಡದಲ್ಲಿ ನಿಂತು ಆ ಮಗು ಅವನದೇ ಶಬ್ದದಿಂದ ನನ್ನನ್ನು ಗುರುತಿಸಿತ್ತು.

ದೇವಸ್ಥಾನದ ಒಳಕ್ಕೊಂದು ಟಿಕೆಟ್ಟು, ಗೋಪುರ ಹತ್ತುವುದಕ್ಕೆ ಇನ್ನೊಂದು. ಸಾಲಿನಲ್ಲಿ ನಲವತ್ತು ನಿಮಿಷ. ಕಟ್ಟಿದ್ದು 652ರಲ್ಲಿ, ಮೊದಲು ಐದು ಅಂತಸ್ತು, ಈಗ ಏಳು, ಎತ್ತರ 64 ಮೀಟರ್. ಇಟ್ಟಿಗೆಯ ಕಟ್ಟಡ, ಅಲಂಕಾರವೇ ಇಲ್ಲ ಅನ್ನುವಷ್ಟು ಸಾದಾ. ಬುಡದಲ್ಲಿ ದಕ್ಷಿಣದ ಬಾಗಿಲಿನ ಎಡಬಲಕ್ಕೆ ಎರಡು ಕಲ್ಲುಶಾಸನ, 653ರವು. ಆತನ ಅನುವಾದಗಳಿಗೆ ಚಕ್ರವರ್ತಿ ಬರೆದ ಮುನ್ನುಡಿ ಅದರಲ್ಲಿದೆ. ನನಗೆ ಒಂದಕ್ಷರ ಓದಲು ಬರದು. ಆದರೂ ಮೇಗುತಿಯ ಗೋಡೆಯ ಮುಂದೆ ನಿಂತಾಗಲೂ ನನ್ನ ಪಾಡು ಅದೇ ಆಗಿತ್ತಲ್ಲ, ಹಳೆಗನ್ನಡ ಲಿಪಿಯನ್ನು ಹೈಸ್ಕೂಲು ಹುಡುಗಿ ಎಷ್ಟು ಓದಿಯಾಳು, ಅದೂ ಸಂಸ್ಕೃತ. ಎರಡು ಕಲ್ಲುಗಳ ನಡುವೆ ಹತ್ತೊಂಬತ್ತೇ ವರ್ಷ. ಥಾಂಗ್ ವಂಶದ ಅರಸರ ಕಾಲದಲ್ಲಿ ಸರ್ಕಾರಿ ಪರೀಕ್ಷೆ ಪಾಸಾದವರು ಇಲ್ಲಿ ಬಂದು ತಮ್ಮ ಹೆಸರು ಬರೆಯುತ್ತಿದ್ದರಂತೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಬಾರದು ಅಂದುಕೊಂಡೆ, ಕಾಲೇಜಿನ ಗೋಡೆಗಳಿಗೆ ಉಳಿಗಾಲವಿರುವುದಿಲ್ಲ.

ಒಳಗೆ ಮರದ ಮೆಟ್ಟಿಲು, ಒಂದರ ಮೇಲೊಂದು ಸುತ್ತುತ್ತ ಹೋಗುತ್ತದೆ. ಹತ್ತುವವರ ಉಸಿರು, ಒದ್ದೆ ಕೊಡೆಗಳ ವಾಸನೆ. ಏಳನೆಯ ಅಂತಸ್ತಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕಿಟಕಿ; ಒಂದೊಂದಕ್ಕೂ ಇಬ್ಬರು ಮೂವರಷ್ಟೇ ಹಿಡಿಯುತ್ತಾರೆ. ಪಶ್ಚಿಮದ ಕಿಟಕಿಗೆ ಸರದಿ ಬರುವವರೆಗೆ ಕಾದೆ. ಆತ ಹೊರಟ ದಿಕ್ಕು ಅದು. ಕಂಡದ್ದು ಮಂಜು, ಅಪಾರ್ಟ್‌ಮೆಂಟುಗಳು, ಕ್ರೇನು. ಎರಡು ನಿಮಿಷವಾಗುವುದರೊಳಗೆ ಹಿಂದಿನಿಂದ ಒಬ್ಬ ಅಜ್ಜಿ ಮೆಲ್ಲಗೆ ಮೊಣಕೈಯಲ್ಲಿ ತಿವಿದರು. ಜಾಗ ಬಿಟ್ಟುಕೊಟ್ಟೆ. ಇಳಿದು ಹಿಂದಿನ ಹಜಾರದಲ್ಲಿ ಆತನ ಯಾತ್ರೆಯ ದೃಶ್ಯಗಳಿರುವ ಫಲಕಗಳಲ್ಲಿ ನಮ್ಮ ಪುಲಕೇಶಿಯನ್ನು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಒಟ್ಟು ಒಂದು ಗಂಟೆ ನಲವತ್ತು ನಿಮಿಷ.

ಗುಂಪು ಸೇರಿಕೊಂಡಾಗ ಎಲ್ಲರ ಮುಖ ಸೋತಿತ್ತು. ಜೇಡ್‌ನ ಕೋಣೆಯ ಬಾಗಿಲು ಹಾಕಿ ಪಾಠ ಮಾಡಿದರಂತೆ. ಈಜಿಪ್ಟಿನ ಸರ್ಜನ್ ಸಾಹೇಬರು ಹೆಂಡತಿಗೆ ಬಳೆ ಕೊಂಡಿದ್ದರು, ಬೆಲೆ ಕೇಳಿದರೆ ಹೇಳಲಿಲ್ಲ.

ಅಂದು ಅವರ ಮಧ್ಯಶರದ ಹಬ್ಬ, ಹುಣ್ಣಿಮೆಯ ಹಬ್ಬ. ಹೋಟೆಲಿನವರು ಎಲ್ಲರಿಗೂ ಒಂದೊಂದು ಚಂದ್ರನ ಬಿಲ್ಲೆ, ಅದೇ ಯುಯೆಬಿಂಗ್, ಕೊಟ್ಟರು. ಒಳಗೆ ತಾವರೆಬೀಜದ ಹೂರಣ, ನಮ್ಮ ಹೋಳಿಗೆಯ ನೆನಪು ಬರುತ್ತದೆ. ಆದರೆ ನಡುವೆ ಬಾತುಕೋಳಿ ಮೊಟ್ಟೆಯ ಉಪ್ಪು ಹಳದಿ ಹುದುಗಿಸಿರುತ್ತಾರೆ, ಚಂದ್ರನಂತೆ ಕಾಣಲಿ ಅಂತ. ಅದನ್ನು ಚಮಚದಲ್ಲಿ ಬಗೆದು ಡಾಕ್ಟರಮ್ಮನಿಗೆ ಕೊಟ್ಟು ಅಂಚು ತಿಂದೆ. ಮರುದಿನ ನಮ್ಮಲ್ಲಿ ಶೀಗಿ ಹುಣ್ಣಿಮೆ. ಸೆಪ್ಟೆಂಬರಿನಿಂದ ಅಲ್ಲಿ ವಾಟ್ಸಾಪ್ ಕೈಕೊಟ್ಟಿತ್ತು, ಹಾಗಾಗಿ ತಮ್ಮನ ಫೋನಿಗೆ ವೀಚಾಟ್ ಹಾಕಿಸಿದ್ದೆ. ಅವ್ವ ಬಂದಳು.

"ಎಲ್ಲಿ ಅದಿ? ಉಂಡೀ?"

"ಉಂಡೆ ಅವ್ವ. ಹೊಲಕ್ಕ ಹೊಂಟೀರೇನ್ ನಾಳೆ?"

"ಹೊಂಟೀವಿ. ಕಡುಬು ಮಾಡಾಕತ್ತೀನಿ. ಅಲ್ಲಿ ಚಂದಪ್ಪ ಕಾಣಸ್ತಾನೇನ?"

ಕಿಟಕಿಯ ಹೊರಗೆ ಮೋಡ. ಇಲ್ಲ ಅಂದೆ. "ಇಲ್ಲಿ ಬಂದಾನ ನೋಡು" ಅಂತ ಫೋನು ಮೇಲೆತ್ತಿ ತೋರಿಸಿದಳು. ಪರದೆಯಲ್ಲಿ ಕಂಡದ್ದು ಬೀದಿದೀಪವೋ ಚಂದ್ರನೋ ಗೊತ್ತಾಗಲಿಲ್ಲ. ಚಲೋ ಅದಾನ ಅಂದೆ.

ಬೀಜಿಂಗಿಗೆ 1,200 ಕಿಲೋಮೀಟರು, ಐದು ಗಂಟೆಯ ಆಸುಪಾಸು. ಚಕ್ರವರ್ತಿಗಳ ಹಳೆಯ ಅರಮನೆ ನಿಷಿದ್ಧ ನಗರಿಯಲ್ಲಿ ದಕ್ಷಿಣದ ಬಾಗಿಲಲ್ಲಿ ಹೊಕ್ಕು ಉತ್ತರದ ಬಾಗಿಲಲ್ಲಿ ಹೊರಬಂದೆವು. ದಿನಕ್ಕೆ 80,000 ಜನರಷ್ಟೇ ಎಂಬ ಮಿತಿ ಇದೆ ಎಂದು ಗೈಡ್ ಸಮಾಧಾನ ಹೇಳಿದಳು, ಆ ಎಂಬತ್ತು ಸಾವಿರವೂ ನನ್ನ ಮುಂದೆಯೇ ನಿಂತಿತ್ತು. ಬಾದಾಲಿಂಗಿನ ಮಹಾಗೋಡೆಯಲ್ಲಿ ಗೋಡೆ ಕಾಣಲಿಲ್ಲ, ತಲೆಗಳು ಕಂಡವು. ಜನರ ಬೆಟ್ಟ, ಜನರ ಕಡಲು ಅಂತ ಅವರದೇ ಒಂದು ಮಾತಿದೆ. ನಮ್ಮ ಬನಶಂಕರಿ ಜಾತ್ರೆಯ ರಥದ ದಿನವನ್ನು ಬೆಟ್ಟದ ಮೇಲೆ ಓರೆಯಾಗಿ ಇಟ್ಟ ಹಾಗಿತ್ತು.

ಈಗ ಆ ನೆನಪಿಟ್ಟುಕೊಳ್ಳಿ ಅಂದ ಮಾತು. ಗೋಡೆಯಿಂದ ಮರಳುವಾಗ ಬಸ್ಸು ಒಂದು ದೊಡ್ಡ ಕಟ್ಟಡದ ಮುಂದೆ ನಿಂತಿತು. 'ಸಾಂಪ್ರದಾಯಿಕ ವೈದ್ಯ ಪರಿಚಯ', ಪುಕ್ಕಟೆ ನಾಡಿ ಪರೀಕ್ಷೆ. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಕಾಲಿಗೆ ಬಿಸಿನೀರಿನ ಬಕೆಟ್ ಇಟ್ಟರು. ಮೆಟ್ಟಿಲು ಹತ್ತಿ ಸೋತ ಕಾಲಿಗೆ ಅದಂತೂ ಸ್ವರ್ಗ. ಬಿಳಿ ಕೋಟಿನ ಒಬ್ಬರು, ಜೊತೆಗೆ ದುಭಾಷಿ, ಒಬ್ಬೊಬ್ಬರ ಮಣಿಕಟ್ಟು ಹಿಡಿಯುತ್ತ ಬಂದರು. ಉಕ್ರೇನಿನ ಅನಾಟಮಿ ಮೇಷ್ಟ್ರಿಗೆ ಕಿಡ್ನಿಯ ಶಕ್ತಿ ಕುಂದಿದೆ ಅಂದರು. ನೇಪಾಳದ ಪೆಥಾಲಜಿಸ್ಟರಿಗೆ ಹೊಟ್ಟೆಯಲ್ಲಿ ತೇವ. ನನಗೆ ಲಿವರಿನಲ್ಲಿ ಉಷ್ಣ, ಮೂರು ತಿಂಗಳ ಔಷಧಿ, 1,800 ಯುವಾನ್.

ಪಾಕಿಸ್ತಾನದ ಡಾಕ್ಟರಮ್ಮ ಜನರಲ್ ಮೆಡಿಸಿನ್‌ನವರು. ತಮ್ಮ ಸರದಿ ಬಂದಾಗ ಕೈ ಕೊಡಲಿಲ್ಲ. ಬದಲಿಗೆ ಆ ಬಿಳಿ ಕೋಟಿನವರ ಕೈಯನ್ನೇ ಹಿಡಿದು, ಗಡಿಯಾರ ನೋಡಿಕೊಂಡು, ಒಂದು ನಿಮಿಷ ಎಣಿಸಿದರು. "ತೊಂಬತ್ತಾರು. ನಡುನಡುವೆ ತಪ್ಪುತ್ತಿದೆ. ಇಸಿಜಿ ಮಾಡಿಸಿದ್ದೀರಾ?" ದುಭಾಷಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಅನುವಾದಿಸಿದಳು. ಅವರು ಡಾಕ್ಟರಮ್ಮನನ್ನು, ನಮ್ಮೆಲ್ಲರನ್ನು ನೋಡಿದರು. ನೀವೆಲ್ಲ ಏನು ಕೆಲಸ ಮಾಡುತ್ತೀರಿ ಅಂತ ಆಗ ಕೇಳಿದರು. ಕೇಳಿದ ಮೇಲೆ ಬಕೆಟ್‌ಗಳು ಬೇಗ ಬೇಗ ಹೋದವು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಹೊರಗೆ ಬರುವಾಗಲೂ ದುಭಾಷಿಯನ್ನು ನಿಲ್ಲಿಸಿ, "ತಮಾಷೆ ಅಲ್ಲ, ಅವರಿಗೆ ಹೇಳು, ಆಸ್ಪತ್ರೆಗೆ ಹೋಗಲಿ" ಅಂದರು.

ಚೀನೀ ವೈದ್ಯದ ಬಗ್ಗೆ ನನಗೆ ತಾತ್ಸಾರವಿಲ್ಲ, ಇದನ್ನು ಹೇಳಿಬಿಡಬೇಕು. ಹಳೆಯ ವೈದ್ಯಗ್ರಂಥದ ಒಂದು ಸೊಪ್ಪಿನ ಜಾಡು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅವರ ಹೆಸರನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಬಕೆಟ್ಟಿನ ವೈದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

9ನೇ ತಾರೀಖು ಸೋಮವಾರ ಕ್ಲಾಸು ಶುರು. ಅದೇ ವಾರ ಕಚೇರಿಯ ಹುಡುಗಿ ಎಲ್ಲರೂ ಪ್ರವಾಸದ ಬಗ್ಗೆ ಒಂದೊಂದು ಪುಟ ಬರೆದುಕೊಡಿ, ನೋಟಿಸ್ ಬೋರ್ಡಿಗೆ ಹಾಕಬೇಕು ಅಂದಳು. ನಾನು ಗೋಪುರದ ಬಗ್ಗೆ, ಪುಲಕೇಶಿಯ ಬಗ್ಗೆ ಬರೆದೆ. ಓದಿ ವಾಪಸು ಬಂದಳು.

"ಲಾವ್‌ಷ್ರ್ (ಟೀಚರ್), ಈ ರಾಜ ಚೀನಾಕ್ಕೆ ಬಂದಿದ್ದನಾ?"

"ಇಲ್ಲ. ನಿಮ್ಮ ಥಾಂಗ್ ಸೆಂಗ್ ಇವನ ಊರಿಗೆ ಬಂದಿದ್ದ."

ತಲೆಯಾಡಿಸಿ, ಹಾಳೆಯನ್ನು ಫೈಲಿನಲ್ಲಿಟ್ಟುಕೊಂಡಳು. ಅದರಲ್ಲೇ ನನ್ನ ಸಹಿಯ ಆ ಹಾಳೆಯ ಜೆರಾಕ್ಸೂ ಇತ್ತು. ನೋಟಿಸ್ ಬೋರ್ಡಿಗೆ ಬಂದದ್ದು ಬಾದಾಲಿಂಗಿನ ಗ್ರೂಪ್ ಫೋಟೊ. ಹಿಂದಿನ ಸಾಲಿನಲ್ಲಿ ಹಳದಿ ಬಾವುಟದ ಆಚೆ ನನ್ನ ಅರ್ಧ ಮುಖ, ಪಕ್ಕದಲ್ಲಿ ಡಾಕ್ಟರಮ್ಮ. ಅವರು ಏನೋ ಅಗಿಯುತ್ತಿದ್ದಾರೆ.